ಕೇಳಿದರೆ ಸಿಗುವ ಸಹಿ

ಕ್ರಿಕೆಟ್ ಆಟಗಾರನ ಸಹಿ ಬೇಕಿದ್ದರೆ ಹೋಟೆಲಿನ ಕಾವಲುಗಾರ, ಪೊಲೀಸರ ಹಗ್ಗ, ತಂಡದ ಮ್ಯಾನೇಜರ್ ಎಲ್ಲವನ್ನೂ ದಾಟಬೇಕು. ದಾಟಿದ ಮೇಲೂ ಸಿಗುವುದು ನಡೆಯುತ್ತಲೇ ಗೀಚಿದ ಒಂದು ಸುರುಳಿ. ಹಾಕಿ ಆಟಗಾರರ ಸಹಿಗೆ ಇಷ್ಟೊಂದು ಪಾಡಿಲ್ಲ. ಎದುರಿಗೆ ನಿಂತು ‘ಸಾರ್, ಒಂದು ಸೈನ್ ಹಾಕ್ಕೊಡಿ’ ಎಂದರೆ ಸಾಮಾನ್ಯವಾಗಿ ನಿಲ್ಲುತ್ತಾರೆ, ಹೆಸರು ಕೇಳುತ್ತಾರೆ, ಯಾವ ಊರು ಎನ್ನುತ್ತಾರೆ, ಓದಲು ಬರುವಂತೆ ಬರೆದೂ ಕೊಡುತ್ತಾರೆ. ತೊಂದರೆ ಇರುವುದು ಬೇರೆ ಕಡೆ. ಎದುರಿಗೆ ಬಂದವರು ಒಲಿಂಪಿಯನ್ ಎಂಬುದೇ ನಮಗೆ ಗೊತ್ತಾಗುವುದಿಲ್ಲ.

ಮೈಸೂರಿನ ಅಶೋಕಪುರಂ ಎಂದರೆ ಊರಿನವರಿಗೆ ಮೊದಲು ಹೊಳೆಯುವುದು ಅಂಬೇಡ್ಕರ್ ಉದ್ಯಾನ, ಏಪ್ರಿಲ್ 14ರ ಸಂಭ್ರಮ, ಇಲ್ಲೇ ಬೆಳೆದು ಕೇಂದ್ರದಲ್ಲಿ ಮಂತ್ರಿಯಾದ ವಿ. ಶ್ರೀನಿವಾಸ ಪ್ರಸಾದ್, ಆಮೇಲೆ 1924ರಲ್ಲಿ ಶುರುವಾದ ರೈಲ್ವೆ ವರ್ಕ್‌ಶಾಪು. ಹಾಕಿ ಆ ಪಟ್ಟಿಯಲ್ಲಿ ಇಲ್ಲ. ಆದರೂ ಹಾಕಿ ಆಟಗಾರರ ಸಹಿ ಕೂಡಿಸುವ ಹುಚ್ಚು ಹಿಡಿದವರಿಗೆ ಇದಕ್ಕಿಂತ ಒಳ್ಳೆಯ ವಿಳಾಸ ರಾಜ್ಯದಲ್ಲಿ ಸಿಗುವುದು ಕಷ್ಟ. ಬೆಂಗಳೂರಿನ ಕೆಲವು ರೈಲುಗಳು ಈಗ ಮೈಸೂರು ಜಂಕ್ಷನ್ ದಾಟಿ ಅಶೋಕಪುರಂವರೆಗೂ ಬರುತ್ತವೆ. ಅದೇ ರೈಲಿನಲ್ಲಿ ವಾಪಸು ಹೊರಟು ಕೆಂಗೇರಿಯಲ್ಲಿ ಇಳಿದರೆ, ಭಾರತೀಯ ಕ್ರೀಡಾ ಪ್ರಾಧಿಕಾರದ ಜ್ಞಾನಭಾರತಿ ಕೇಂದ್ರಕ್ಕೆ ಆಟೋದಲ್ಲಿ ಹೋಗಬಹುದು. ದೇಶದ ಪುರುಷರ ಮತ್ತು ಮಹಿಳೆಯರ ಹಾಕಿ ತಂಡಗಳ ಶಿಬಿರ ವರ್ಷದ ಬಹುಪಾಲು ನಡೆಯುವುದು ಅಲ್ಲೇ. ಪಡುವಣಕ್ಕೆ ಹೊರಟು ಹುಣಸೂರು ದಾಟಿದರೆ ಕೊಡಗು. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್. ಒಂದು ಕಡೆ ಇವತ್ತು ಆಡುತ್ತಿರುವವರು, ಇನ್ನೊಂದು ಕಡೆ ನಿನ್ನೆ ಆಡಿದವರು. ನಡುವೆ ಅಶೋಕಪುರಂ.

ಈ ಹವ್ಯಾಸದ ಮೊದಲ ಪಾಠ ಹೆಸರಿನ ಮುಂದಿನ ಇನಿಷಿಯಲ್‌ಗಳಲ್ಲಿದೆ. ಕೊಡವರ ಹೆಸರಿನಲ್ಲಿ ಮೊದಲ ಅಕ್ಷರ ಸಾಮಾನ್ಯವಾಗಿ ಒಕ್ಕದ ಹೆಸರು, ಅಂದರೆ ಮನೆತನದ್ದು. ಎಂ.ಪಿ. ಗಣೇಶ್ ಅವರ ‘ಎಂ’ ಮೊಳ್ಳೇರ. ಎಂ.ಎಂ. ಸೋಮಯ್ಯ ಅವರದು ಮನೆಯಪಂಡ. ಗೋಲ್‌ಕೀಪರ್ ಎ.ಬಿ. ಸುಬ್ಬಯ್ಯ ಅವರದು ಅಂಜಪರವಂಡ. ಎಸ್.ವಿ. ಸುನಿಲ್ ಅವರ ‘ಎಸ್’ ಮಾತ್ರ ಮನೆತನವಲ್ಲ, ಊರು: ಸೋಮವಾರಪೇಟೆ. ಇಷ್ಟು ತಿಳಿದಿದ್ದರೆ ಸಹಿ ಕೇಳುವಾಗ ಮಾತಿಗೊಂದು ದಾರಿ ಸಿಗುತ್ತದೆ. ‘ನೀವು ಮನೆಯಪಂಡದವರಲ್ಲವೇ ಸಾರ್’ ಎಂದು ಕೇಳುವ ಹುಡುಗನಿಗೆ ಸಿಗುವ ಸಹಿಯೇ ಬೇರೆ, ‘ನಿಮ್ಮ ಹೆಸರೇನು’ ಎಂದು ಕೇಳುವವನಿಗೆ ಸಿಗುವ ಸಹಿಯೇ ಬೇರೆ.

ಸಹಿಯ ಹಿಂದೆ ಇರುವ ಆಟವೂ ಗೊತ್ತಿರಬೇಕು. ಸುಂಟಿಕೊಪ್ಪದಲ್ಲಿ ಹುಟ್ಟಿದ ಗಣೇಶ್ 1973ರ ವಿಶ್ವಕಪ್‌ನಲ್ಲಿ ಭಾರತದ ನಾಯಕ. ಆ್ಯಮ್‌ಸ್ಟೆಲ್ವೀನ್‌ನಲ್ಲಿ ನಡೆದ ಫೈನಲ್‌ನಲ್ಲಿ ಆತಿಥೇಯ ನೆದರ್ಲೆಂಡ್ಸ್ ವಿರುದ್ಧ ಭಾರತ 2-0 ಮುಂದಿತ್ತು. ಪಂದ್ಯ 2-2 ಆಯಿತು. ಹೆಚ್ಚುವರಿ ಅವಧಿಯಲ್ಲಿ ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಗೋಲಾಗಿದ್ದರೆ ಅಲ್ಲಿಗೆ ವಿಶ್ವಕಪ್ ನಮ್ಮದು. ಹೊಡೆದವರು ಸೋಮವಾರಪೇಟೆಯ ಬಿ.ಪಿ. ಗೋವಿಂದ. ಡಚ್ ಗೋಲ್‌ಕೀಪರ್ ಅದನ್ನು ತಡೆದ. ಕೊನೆಗೆ ಸ್ಟ್ರೋಕ್‌ಗಳಲ್ಲೇ ಭಾರತ ಸೋತಿತು. ಎರಡು ವರ್ಷಗಳ ನಂತರ, 1975ರ ಮಾರ್ಚ್ 15ರಂದು ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಿಂದ ಮಣಿಸಿ ವಿಶ್ವಕಪ್ ಎತ್ತಿದ ತಂಡದಲ್ಲಿಯೂ ಗೋವಿಂದ ಇದ್ದರು. ಭಾರತ ಗೆದ್ದಿರುವ ಪುರುಷರ ಹಾಕಿ ವಿಶ್ವಕಪ್ ಅದೊಂದೇ. ಕಳೆದುಕೊಂಡ ಕಪ್ಪು, ಗೆದ್ದ ಕಪ್ಪು ಎರಡನ್ನೂ ಹೊತ್ತ ಹೆಸರು ಅದು. ಮುಂಬೈ ಕ್ರಿಕೆಟ್ ಕ್ಲಬ್ಬಿನ ಯಾವುದೋ ಸಾಧಾರಣ ಬ್ಯಾಟಿಗೆ ಹಾಕಿದ ಸಹಿಗಿಂತ ಇದರಲ್ಲಿ ಹೆಚ್ಚು ಚರಿತ್ರೆ ಇದೆ ಎಂದರೆ ಕ್ರಿಕೆಟ್ ಪ್ರಿಯರು ಮುನಿಸಿಕೊಳ್ಳಬಾರದು.

ಸೋಮಯ್ಯ 1980ರ ಮಾಸ್ಕೊ ಒಲಿಂಪಿಕ್ಸ್‌ನ ಚಿನ್ನ ಗೆದ್ದವರು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನಾಯಕ. ಮಾಸ್ಕೊದ ನಂತರ ಭಾರತೀಯ ಹಾಕಿಗೆ ಒಲಿಂಪಿಕ್ ಚಿನ್ನ ಬಂದಿಲ್ಲ. ಬೆಂಗಳೂರಿನ ಜೂಡ್ ಫೆಲಿಕ್ಸ್ 1988 ಮತ್ತು 1992ರಲ್ಲಿ ಆಡಿದರು, ನಂತರ ತಂಡದ ನಾಯಕರಾದರು, ಆಟ ಬಿಟ್ಟ ಮೇಲೆ ಬಡ ಮಕ್ಕಳಿಗೆ ಹಾಕಿ ಕಲಿಸಲು ಅಕಾಡೆಮಿ ತೆರೆದರು. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾದ ಪೆನಾಲ್ಟಿ ಸ್ಟ್ರೋಕ್‌ಗಳನ್ನು ತಡೆದು ಚಿನ್ನ ತಂದುಕೊಟ್ಟ ಆಶಿಶ್ ಬಲ್ಲಾಳ್ ಬೆಂಗಳೂರಿನ ಗೋಲ್‌ಕೀಪರ್. 2016ರ ರಿಯೊ ತಂಡದಲ್ಲಿ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ ಹೀಗೆ ನಾಲ್ವರು ಕರ್ನಾಟಕದವರಿದ್ದರು. ಮುಂದಿನ ಎರಡು ಒಲಿಂಪಿಕ್ಸ್‌ಗಳಲ್ಲಿ ಭಾರತ ಪದಕ ಗೆದ್ದಿತು. ಟೋಕಿಯೊ ತಂಡದಲ್ಲಾಗಲಿ ಪ್ಯಾರಿಸ್ ತಂಡದಲ್ಲಾಗಲಿ ಕರ್ನಾಟಕದ ಆಟಗಾರ ಒಬ್ಬರೂ ಇರಲಿಲ್ಲ. ಆ ಪದಕಗಳಿಗೆ ಬೆವರು ಸುರಿಸಿದ ಮೈದಾನ ಮಾತ್ರ ನಮ್ಮ ಮೈಸೂರು ರಸ್ತೆಯ ಬದಿಯಲ್ಲಿದೆ.

ಮಹಿಳಾ ಹಾಕಿಯ ಕಥೆಯಲ್ಲಿ ‘ಮೈಸೂರು’ ಎಂಬ ಹೆಸರೇ ದೊಡ್ಡದು. ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿದ್ದ ಕಾಲದಲ್ಲಿ, 1960ರಿಂದ 1967ರ ನಡುವೆ, ರಾಜ್ಯದ ಮಹಿಳಾ ತಂಡ ಏಳು ಬಾರಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಆ ತಂಡದ ಬೆನ್ನೆಲುಬು ಬೆಂಗಳೂರಿನ ಬ್ರಿಟ್ಟೊ ಸೋದರಿಯರು: ಎಲ್ವೆರಾ, ರೀಟಾ, ಮೇ. ನಾಯಕಿ ಎಲ್ವೆರಾ 1965ರ ಅರ್ಜುನ ಪ್ರಶಸ್ತಿ ಪಡೆದರು. ಹಾಕಿಯಲ್ಲಿ ಆ ಗೌರವ ಪಡೆದ ಎರಡನೆಯ ಮಹಿಳೆ ಅವರು. ಆಡುವುದು ನಿಲ್ಲಿಸಿದ ಮೇಲೆ ಆಯ್ಕೆಗಾರ್ತಿಯಾಗಿ, ಸಂಘಟಕಿಯಾಗಿ ದಶಕಗಳ ಕಾಲ ದುಡಿದರು. 2022ರ ಏಪ್ರಿಲ್‌ನಲ್ಲಿ, 81ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ವರ್ಷ ಅವರು ಬೆಂಗಳೂರಿನಲ್ಲೇ ಇದ್ದರು. ಮೈಸೂರಿನ ಹೆಸರಿನಲ್ಲಿ ಏಳು ಕಪ್ಪು ಗೆದ್ದ ಆಕೆಯ ಸಹಿ ಮೈಸೂರಿನ ಎಷ್ಟು ಮನೆಗಳಲ್ಲಿದೆ?

ಗುರುತು ಹತ್ತದಿರುವುದಕ್ಕೆ ಒಂದು ಕಾರಣ ನೌಕರಿ. ಬಹಳ ಕಾಲ ಹಾಕಿ ಆಟಗಾರನಿಗೆ ಆಟ ಹೊಟ್ಟೆ ತುಂಬಿಸಲಿಲ್ಲ, ಆಟದಿಂದ ಸಿಕ್ಕ ಕೆಲಸ ತುಂಬಿಸಿತು. ರೈಲ್ವೆ, ಸೇನೆ, ಬ್ಯಾಂಕು, ತೈಲ ಕಂಪನಿ, ಏರ್ ಇಂಡಿಯಾ ಇವೇ ತಂಡಗಳು, ಇವೇ ಸಂಬಳ. ಚೆಂಡನ್ನು ಕೋಲಿಗೆ ಅಂಟಿಸಿಕೊಂಡಂತೆ ಓಡುತ್ತಿದ್ದ ಮೊಹಮ್ಮದ್ ಶಾಹಿದ್ 2016ರಲ್ಲಿ ತೀರಿಕೊಳ್ಳುವವರೆಗೂ ವಾರಾಣಸಿಯ ಡೀಸೆಲ್ ರೈಲು ಎಂಜಿನ್ ಕಾರ್ಖಾನೆಯ ಕ್ರೀಡಾಧಿಕಾರಿ. ಮಹಿಳೆಯರ ರಾಷ್ಟ್ರೀಯ ಹಾಕಿಯಲ್ಲಿ ದಶಕಗಳ ಕಾಲ ರೈಲ್ವೆಯದೇ ಮೇಲುಗೈ ಆಗಿತ್ತು. ಹೀಗಾಗಿ ದೇಶಕ್ಕೆ ಆಡಿದವರ ಸಹಿಗಳು ಎಷ್ಟೋ ಕಚೇರಿ ಕಡತಗಳಲ್ಲಿ, ರಜೆ ಅರ್ಜಿಗಳಲ್ಲಿ, ಹಾಜರಿ ಪುಸ್ತಕಗಳಲ್ಲಿ ಬಿದ್ದಿವೆ. ಅವಧಿ ಮುಗಿದ ಕಡತಗಳ ಜೊತೆ ರದ್ದಿಗೂ ಹೋಗಿವೆ. ರೈಲ್ವೆಯ ಮಂದಿ ತುಂಬಿರುವ ಅಶೋಕಪುರಂನಂಥ ಬಡಾವಣೆಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಕ್ರೀಡಾ ಕೋಟಾದಲ್ಲಿ ಬಂದ ಸಹೋದ್ಯೋಗಿ ಸಂಜೆ ಏನು ಆಡುತ್ತಾನೆ ಎಂಬುದು ಪಕ್ಕದ ಮೇಜಿನವರಿಗೆ ಗೊತ್ತಿರುತ್ತದೆ. ಸಹಿ ಕೇಳಬೇಕೆಂದು ಮಾತ್ರ ಅವರಿಗೆ ಹೊಳೆಯುವುದಿಲ್ಲ. ದಿನವೂ ಜೊತೆಗೆ ಕಾಫಿ ಕುಡಿಯುವವನ ಆಟೋಗ್ರಾಫ್ ಯಾರು ಕೇಳುತ್ತಾರೆ?

ಪೂರ್ತಿ ವೃತ್ತಿಪರ ಎನ್ನಬಹುದಾದ ಹಾಕಿ ನಮ್ಮಲ್ಲಿ ಬಂದದ್ದು ತಡವಾಗಿ, ಬಂದು ಮತ್ತೆ ಮತ್ತೆ ನಿಂತುಹೋಯಿತು. 2005ರಲ್ಲಿ ಪ್ರೀಮಿಯರ್ ಹಾಕಿ ಲೀಗ್ ಶುರುವಾದಾಗ ಬೆಂಗಳೂರಿಗೊಂದು ತಂಡವಿತ್ತು. 2008ಕ್ಕೆ ಲೀಗೇ ಮುಗಿಯಿತು. 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ಬಂತು. ಸೋಮವಾರಪೇಟೆಯ ಅರ್ಜುನ್ ಹಾಲಪ್ಪ ನಾಯಕತ್ವದಲ್ಲಿ ಕರ್ನಾಟಕ ಲಯನ್ಸ್ ಆಡಿತು. ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ನಿನ ಮನ್ನಣೆ ಇಲ್ಲದೆ, ಒಂದೇ ಆವೃತ್ತಿಗೆ ಅದೂ ನಿಂತಿತು. 2012ರ ಡಿಸೆಂಬರಿನಲ್ಲಿ ಹಾಕಿ ಇಂಡಿಯಾ ಲೀಗ್ ಹರಾಜು ನಡೆದಾಗ ಸರ್ದಾರ್ ಸಿಂಗ್ 78 ಸಾವಿರ ಡಾಲರಿಗೆ ದೆಹಲಿ ತಂಡಕ್ಕೆ ಹೋದರು. ಅವರ ನಂತರದ ಬೆಲೆ ನಮ್ಮ ರಘುನಾಥ್ ಅವರದು, 76 ಸಾವಿರ ಡಾಲರು, ಉತ್ತರ ಪ್ರದೇಶದ ತಂಡಕ್ಕೆ. ಆ ಲೀಗ್ 2017ಕ್ಕೆ ನಿಂತು 2024ರ ಡಿಸೆಂಬರಿನಲ್ಲಿ ಮತ್ತೆ ಎದ್ದಿತು. ಹರಾಜಿನಲ್ಲಿ ಹರ್ಮನ್‌ಪ್ರೀತ್ ಸಿಂಗ್‌ಗೆ 78 ಲಕ್ಷ ರೂಪಾಯಿ. ಆಗಲೂ ಸರಿ, ಈಗಲೂ ಸರಿ, ಕರ್ನಾಟಕದ ಹೆಸರಿನ ತಂಡ ಆ ಲೀಗಿನಲ್ಲಿಲ್ಲ. ಇಷ್ಟೊಂದು ಆಟಗಾರರನ್ನು ಕೊಟ್ಟ ರಾಜ್ಯಕ್ಕೆ ಇದು ನಾಚಿಕೆಯ ಸಂಗತಿ. ಸಂಗ್ರಾಹಕರ ಲೆಕ್ಕ ಮಾತ್ರ ಬೇರೆ: ಯಾರದಾದರೂ ಬೀರುವಿನಲ್ಲಿ ಸಹಿ ಹಾಕಿದ ಕರ್ನಾಟಕ ಲಯನ್ಸ್ ಜೆರ್ಸಿ ಇದ್ದರೆ, ಅಂಥದ್ದು ಮತ್ತೆ ತಯಾರಾಗುವುದಿಲ್ಲ.

ಸಹಿಗೆ ಬೆಲೆ ಕಟ್ಟುವ ಜಗತ್ತು ಇನ್ನೊಂದಿದೆ. ಕೆನಡಾ, ಅಮೆರಿಕಗಳಲ್ಲಿ ಹಾಕಿ ಎಂದರೆ ಐಸ್ ಹಾಕಿ. ಟೊರಾಂಟೊದ ಕನ್ನಡ ಮನೆಗಳ ಮಕ್ಕಳೂ ಆಡುವುದು ಅದನ್ನೇ. ಅಲ್ಲಿ ಆಟಗಾರರ ಚಿತ್ರವಿರುವ ಕಾರ್ಡು, ಸಹಿ ಹಾಕಿದ ಜೆರ್ಸಿ ಇವೆಲ್ಲ ದೊಡ್ಡ ವ್ಯಾಪಾರ. ಐಸ್ ಹಾಕಿ ತಾರೆ ವೇಯ್ನ್ ಗ್ರೆಟ್ಸ್‌ಕಿಯ 1979ರ ಕಾರ್ಡೊಂದು 2021ರಲ್ಲಿ 37.5 ಲಕ್ಷ ಡಾಲರಿಗೆ ಮಾರಾಟವಾಯಿತು. ಅದರಲ್ಲಿ ಸಹಿಯೂ ಇರಲಿಲ್ಲ! ಹಣ ಇದ್ದಲ್ಲಿ ಕಳ್ಳರೂ ಇರುತ್ತಾರೆ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಎಂಬ ಕಾರ್ಯಾಚರಣೆ ನಡೆಸಿ ಆಟಗಾರರ ನಕಲಿ ಸಹಿಗಳ ಜಾಲವನ್ನು ಬಯಲಿಗೆಳೆಯಿತು. ಈಗ ಅಲ್ಲಿ ಸಹಿಗೊಂದು ಪ್ರಮಾಣಪತ್ರ, ಪ್ರಮಾಣಪತ್ರಕ್ಕೊಂದು ಹೊಳೆಯುವ ಸ್ಟಿಕ್ಕರು.

ನಮ್ಮಲ್ಲಿ ಹಾಕಿ ಆಟಗಾರರ ಸಹಿಗೆ ಮಾರುಕಟ್ಟೆ ಇಲ್ಲವೆಂದರೂ ಸರಿ. ನಕಲು ಮಾಡಿದವನಿಗೆ ಮಸಿಯ ಖರ್ಚೂ ಹುಟ್ಟುವುದಿಲ್ಲ. ಆದ್ದರಿಂದ ಸಿಕ್ಕಿದ್ದನ್ನು ನಂಬಬಹುದು. ಸಹಿಗೆ ದುಡ್ಡು ಪಡೆದವರ ನೆನಪು ಈ ದೇಶಕ್ಕೆ ಇರುವುದು ಬೇರೆ ಬಗೆಯಲ್ಲಿ. ಗಾಂಧೀಜಿ ಹರಿಜನ ನಿಧಿಗೆ ಐದು ರೂಪಾಯಿ ಕೊಟ್ಟವರಿಗೆ ಸಹಿ ಹಾಕುತ್ತಿದ್ದರು. ಆ ನಿಧಿಗಾಗಿ ಹೊರಟ ಪ್ರವಾಸ 1934ರ ಜನವರಿಯಲ್ಲಿ ಮೈಸೂರಿಗೂ ಬಂದಿತ್ತು.

ಇನ್ನು ಸಲಕರಣೆ. ಹಾಕಿ ಚೆಂಡು ನೋಡಲು ಚೆಂದ, ಸಹಿಗೆ ಕೆಟ್ಟದು. ನಿಯಮದ ಪ್ರಕಾರ ತೂಕ 156ರಿಂದ 163 ಗ್ರಾಂ, ಸುತ್ತಳತೆ 224ರಿಂದ 235 ಮಿಲಿಮೀಟರ್; ಅಷ್ಟು ಸಣ್ಣ ಗುಂಡಿನ ಮೇಲೆ, ಅದರಲ್ಲೂ ಮೈತುಂಬ ಕುಳಿ ಇರುವ ಚೆಂಡಿನ ಮೇಲೆ, ಮಾರ್ಕರ್ ತುದಿ ಜಾರುತ್ತದೆ. ಹನ್ನೊಂದು ಜನರ ಸಹಿಯನ್ನು ಒಂದೇ ಚೆಂಡಿನ ಮೇಲೆ ಹಿಡಿಸುವ ಆಸೆ ಬಿಡುವುದು ಲೇಸು. ಕೋಲು ಮೇಲು. ಅದರ ಎಡಬದಿ ಚಪ್ಪಟೆ, ಚೆಂಡು ಹೊಡೆಯುವುದು ಆ ಬದಿಯಿಂದ. ಅಲ್ಲಿ ಸಹಿ ಹಾಕಿಸಿ ಮಗ ಅದೇ ಕೋಲಿನಲ್ಲಿ ಆಡಲು ಹೋದರೆ ಎರಡೇ ವಾರಕ್ಕೆ ಒಲಿಂಪಿಯನ್ ಮಾಯ. ದುಂಡಗಿರುವ ಹಿಂಬದಿ, ಹಿಡಿಕೆಗಿಂತ ಸ್ವಲ್ಪ ಕೆಳಗೆ ಸರಿಯಾದ ಜಾಗ. ಇವತ್ತಿನ ಕೋಲುಗಳು ಕಾರ್ಬನ್ ಫೈಬರಿನವು, ಹೆಚ್ಚಿನವು ಕಪ್ಪು. ಬೆಳ್ಳಿ ಬಣ್ಣದ ಮಾರ್ಕರ್ ಬೇಕು. ಹಳೆಯ ಕೋಲುಗಳು ಹಿಪ್ಪುನೇರಳೆ ಮರದವು. ಮೈಸೂರಿನ ಸುತ್ತ ರೇಷ್ಮೆ ಹುಳುವಿಗೆ ಸೊಪ್ಪಾದ ಗಿಡವೇ ಜಲಂಧರದ ಕಾರ್ಖಾನೆಗಳಲ್ಲಿ ಮರವಾಗಿ ಬಂದು ಭಾರತಕ್ಕೆ ಚಿನ್ನ ಗೆದ್ದುಕೊಟ್ಟಿತು. ಆ ಮರದ ಮೇಲೆ ಸಾಧಾರಣ ಬಾಲ್‌ಪೆನ್ನಿನ ಗುರುತೂ ಕೂರುತ್ತದೆ.

ಅಂಚೆಚೀಟಿ ಕೂಡಿಸುವವರು ಇನ್ನೊಂದು ದಾರಿ ಹಿಡಿಯಬಹುದು. 1966ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನ ಹಾಕಿ ಗೆಲುವಿಗೆ ಅಂಚೆ ಇಲಾಖೆ ಆ ವರ್ಷದ ಕೊನೆಯಲ್ಲೇ ಚೀಟಿ ಹೊರತಂದಿತು. ಧ್ಯಾನ್‌ಚಂದ್ ತೀರಿಕೊಂಡ ಒಂದು ವರ್ಷದ ನಂತರ, 1980ರ ಡಿಸೆಂಬರ್ 3ರಂದು ಅವರ ಚೀಟಿ ಬಂತು. ಅಂಥ ಮೊದಲ ದಿನದ ಲಕೋಟೆಯ ಮೇಲೆ ಹಾಕಿ ಆಟಗಾರರ ಸಹಿ ಬಿದ್ದರೆ ಎರಡು ಹವ್ಯಾಸ ಒಂದೇ ಕಾಗದದಲ್ಲಿ ಕೂಡಿದ ಹಾಗೆ.

ಇಷ್ಟೆಲ್ಲ ಇದ್ದರೂ ಎಲ್ಲಕ್ಕಿಂತ ಒಳ್ಳೆಯದು ಹಳೆಯ ಆಟೋಗ್ರಾಫ್ ಪುಸ್ತಕವೇ. ಹತ್ತನೇ ತರಗತಿಯ ಕೊನೆಯ ದಿನಗಳಲ್ಲಿ ಗುಲಾಬಿ, ಹಸಿರು, ಹಳದಿ ಹಾಳೆಗಳ ಪುಟ್ಟ ಪುಸ್ತಕ ಹಿಡಿದು ಮೇಷ್ಟ್ರುಗಳ ಹಿಂದೆ ಓಡಿದವರಿಗೆ ಅದು ಗೊತ್ತು. ಅಂಗೈಯಗಲ, ಗಟ್ಟಿ ರಟ್ಟು, ನಿಂತಲ್ಲೇ ಬರೆಯಬಹುದು. ಸ್ಕೆಚ್‌ಪೆನ್ ಬೇಡ, ಆಡಿ ಬಂದ ಕೈಯ ಬೆವರಿಗೆ ಹರಡಿಬಿಡುತ್ತದೆ. ಒಂದು ಪುಟಕ್ಕೆ ಒಬ್ಬರ ಸಹಿ ಸಾಕು. ಪಕ್ಕದಲ್ಲಿ, ಸಹಿಯನ್ನು ಮುಟ್ಟದಂತೆ, ದಿನಾಂಕ, ಸ್ಥಳ, ಯಾವ ಪಂದ್ಯದ ದಿನ ಎಂಬುದನ್ನು ತಾವೇ ಬರೆದುಕೊಳ್ಳಬೇಕು. ಹತ್ತು ವರ್ಷದ ನಂತರ ಸಹಿ ಯಾರದೆಂದು ಮನೆಯವರಿಗೆ ತಿಳಿಯುವುದು ಆ ಒಂದು ಸಾಲಿನಿಂದ. ಗೋಲ್‌ಕೀಪರನ್ನು ಪಂದ್ಯ ಮುಗಿದ ತಕ್ಷಣ ಹಿಡಿಯಬಾರದು. ಪ್ಯಾಡು, ಗ್ಲೌಸು, ಹೆಲ್ಮೆಟ್ ಕಳಚಿ ನೀರು ಕುಡಿಯುವವರೆಗೆ ಕಾದರೆ ಸಹಿಯ ಜೊತೆ ನಾಲ್ಕು ಮಾತೂ ಸಿಗುತ್ತದೆ. ಸೋತ ತಂಡದ ಹತ್ತಿರ ಅವತ್ತು ಹೋಗಲೇಬಾರದು.

ಮನೆಗೆ ತಂದ ಮೇಲೆ ಮೈಸೂರಿನವರು ಮಾಡುವ ಮೊದಲ ಕೆಲಸ ಲ್ಯಾಮಿನೇಷನ್. ದಯವಿಟ್ಟು ಬೇಡ. ಆ ಶಾಖಕ್ಕೆ ಮಸಿ ಮಾಸಬಹುದು, ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆಂದೂ ಬಿಡಿಸಲಾಗದು. ಬಿಸಿಲು ಬೀಳುವ ಗೋಡೆಗೆ ಚೌಕಟ್ಟು ಹಾಕಿ ತೂಗಿದರೂ ಕೆಲವೇ ವರ್ಷಕ್ಕೆ ಬಿಳಿ ಹಾಳೆ ಉಳಿಯುತ್ತದೆ. ಕೊಡಗಿನ ಮನೆಗಳಲ್ಲಿ ಬೇರೆ ಶತ್ರು: ಮಳೆಗಾಲದ ಬೂಷ್ಟು.

ಜೋಪಾನದ ಮಾತು ಬಂದಾಗ ಬಲ್ಬೀರ್ ಸಿಂಗ್ ಸೀನಿಯರ್ ಅವರ ಕಥೆ ಹೇಳಲೇಬೇಕು. 1948, 1952, 1956ರ ಮೂರು ಒಲಿಂಪಿಕ್ ಚಿನ್ನ ಗೆದ್ದವರು. ಕ್ರೀಡಾ ವಸ್ತುಸಂಗ್ರಹಾಲಯ ಆಗುತ್ತದೆಂದು ನಂಬಿ 1985ರಲ್ಲಿ ತಮ್ಮ 36 ಪದಕಗಳನ್ನು, ಮೆಲ್ಬರ್ನ್ ಒಲಿಂಪಿಕ್ಸ್‌ನ ಬ್ಲೇಜರನ್ನು, ನೂರಕ್ಕೂ ಹೆಚ್ಚು ಫೋಟೊಗಳನ್ನು ಭಾರತೀಯ ಕ್ರೀಡಾ ಪ್ರಾಧಿಕಾರಕ್ಕೆ ಕೊಟ್ಟರು. ಸಂಗ್ರಹಾಲಯ ಆಗಲಿಲ್ಲ. 2012ರಲ್ಲಿ ವಿಚಾರಿಸಿದಾಗ ಕೊಟ್ಟ ವಸ್ತುಗಳು ಎಲ್ಲಿವೆಯೆಂದು ಹೇಳುವವರೇ ಇರಲಿಲ್ಲ. 2020ರ ಮೇ 25ರಂದು ಅವರು ತೀರಿಕೊಳ್ಳುವವರೆಗೂ ಅವು ಅವರ ಕೈ ಸೇರಲಿಲ್ಲ. ದೊಡ್ಡ ಸಂಸ್ಥೆ ಕಳೆದುಹಾಕಿದ್ದನ್ನು ಸಣ್ಣ ಮನೆಗಳು ಉಳಿಸುತ್ತವೆ ಎಂದು ಸಾರಾಸಗಟಾಗಿ ಹೇಳಲಾಗದು. ಆದರೆ ಒಬ್ಬ ಆಟಗಾರನ ಕೈಬರಹ ನೂರು ಮನೆಗಳಲ್ಲಿ ಹಂಚಿಹೋಗಿದ್ದರೆ ಒಂದು ಬೀಗದ ಕೈ ಕಳೆದ ಮಾತ್ರಕ್ಕೆ ಎಲ್ಲವೂ ಹೋಗುವುದಿಲ್ಲ.

ಸೆಲ್ಫಿ ಬಂದ ಮೇಲೆ ಸಹಿ ಯಾಕೆ ಎನ್ನುವವರಿದ್ದಾರೆ. ಸೆಲ್ಫಿಯಲ್ಲಿ ಅರ್ಧ ಚಿತ್ರ ಕೇಳಿದವರದೇ. ಅದೂ ಫೋನು ಬದಲಾಯಿಸುವವರೆಗೆ. ಎರಡನ್ನೂ ಕೇಳಬಹುದು, ಕೊಡುತ್ತಾರೆ. ಆದರೆ ಮೊದಲು ಸಹಿ, ಆಮೇಲೆ ಸೆಲ್ಫಿ. ಸೆಲ್ಫಿ ಮುಗಿದ ಮೇಲೆ ಎಲ್ಲರೂ ಚದುರಿಬಿಡುತ್ತಾರೆ.

ಜ್ಞಾನಭಾರತಿ ಶಿಬಿರದ ಒಳಗೆ ಬೇಕೆಂದಾಗ ಬಿಡುವುದಿಲ್ಲ, ಬಿಡಬಾರದು ಕೂಡ. ಆಟಗಾರರಿಗೆ ಅದು ಕೆಲಸದ ಜಾಗ. ಗೇಟಿನ ಆಚೆ ಕಾಯುವ ತಾಳ್ಮೆ ಇದ್ದರೆ ಮಾತ್ರ ಅತ್ತ ಹೋಗಬೇಕು. ಬೆಂಗಳೂರಿನ ಅಕ್ಕಿತಿಮ್ಮನಹಳ್ಳಿಯ ಹಾಕಿ ಮೈದಾನದಲ್ಲಿ ಟೂರ್ನಿ ನಡೆಯುವ ದಿನಗಳು ಇದಕ್ಕಿಂತ ಸಲೀಸು. ಅಲ್ಲಿ ಗ್ಯಾಲರಿಯಲ್ಲಿ ಕೂತು ಪಂದ್ಯ ನೋಡುವ ಬಿಳಿಗೂದಲಿನವರಲ್ಲಿ ದೇಶಕ್ಕೆ ಆಡಿದವರೂ ಇರುತ್ತಾರೆ. ಮೈಸೂರಿನಲ್ಲೇ ಆದರೆ ದಸರಾ ಕ್ರೀಡಾಕೂಟದ ಹೊತ್ತಿಗೆ ನಜರ್‌ಬಾದಿನ ಚಾಮುಂಡಿ ವಿಹಾರದತ್ತ ಒಂದು ಸುತ್ತು ಹಾಕಬಹುದು. ಇನ್ನೂ ಹೆಸರು ಮಾಡದ ಹಾಸ್ಟೆಲ್ ಹುಡುಗ ಹುಡುಗಿಯರ ಸಹಿಯನ್ನೂ ತೆಗೆದುಕೊಳ್ಳಿ. ಅವರಿಗೆ ಅದು ಮೊದಲ ಆಟೋಗ್ರಾಫ್ ಆಗಿರಬಹುದು.

ಸಂಗ್ರಾಹಕರ ನಿಜವಾದ ಜಾತ್ರೆ ಇರುವುದು ಕೊಡಗಿನಲ್ಲಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡ ಗ್ರಾಮದಲ್ಲಿ 60 ಕುಟುಂಬ ತಂಡಗಳನ್ನು ಸೇರಿಸಿ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ ಉತ್ಸವ, 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್ ಹೊತ್ತಿಗೆ 360 ತಂಡಗಳಾಗಿ ಗಿನ್ನಿಸ್ ದಾಖಲೆ ಸೇರಿತು. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ನಲ್ಲಿ 396 ತಂಡಗಳು. ಪ್ರತಿ ವರ್ಷ ಒಂದು ಒಕ್ಕ ಆತಿಥ್ಯ ವಹಿಸುತ್ತದೆ, ಕಪ್ಪಿಗೆ ಆ ಮನೆತನದ ಹೆಸರು. ಭಾರತಕ್ಕೆ ಆಡಿದವನು ಇಲ್ಲಿ ತನ್ನ ಚಿಕ್ಕಪ್ಪನಿಗೆ ಪಾಸ್ ಕೊಡಬೇಕು. ಅದೇ ತಂಡದಲ್ಲಿ ಅತ್ತೆಯೋ ಅಕ್ಕನ ಮಗಳೋ ಆಡುತ್ತಿರುತ್ತಾರೆ. ಒಲಿಂಪಿಯನ್ನರು, ರಾಷ್ಟ್ರೀಯ ಆಟಗಾರರು, ನಿವೃತ್ತ ಸೇನಾಧಿಕಾರಿಗಳು, ಶಾಲೆಯ ಹುಡುಗರು ಒಂದೇ ಶಾಮಿಯಾನದ ಕೆಳಗೆ ಊಟಕ್ಕೆ ಕೂರುತ್ತಾರೆ. ಅಲ್ಲಿ ಹಗ್ಗವೂ ಇಲ್ಲ, ಕಾವಲುಗಾರನೂ ಇಲ್ಲ.

ಉತ್ಸವ ನಡೆಯುವುದು ಬೇಸಿಗೆಯಲ್ಲಿ, ಮಕ್ಕಳಿಗೆ ರಜೆ ಇರುವಾಗಲೇ. ಮೈಸೂರಿನಿಂದ ಬೆಳಗಿನ ಬಸ್ ಹತ್ತಿದರೆ ಮಧ್ಯಾಹ್ನದ ಪಂದ್ಯಗಳಿಗೆ ಆರಾಮವಾಗಿ ತಲುಪಬಹುದು. ಹೊರಡುವ ಮುನ್ನ ಆ ದಿನ ಯಾವ ಒಕ್ಕಗಳ ಪಂದ್ಯ ಎಂದು ಪತ್ರಿಕೆಯಲ್ಲಿ ನೋಡಿಕೊಳ್ಳಿ, ಆ ಮನೆತನಗಳಿಂದ ಯಾರು ಯಾರು ದೇಶಕ್ಕೆ ಆಡಿದ್ದಾರೆ ಎಂದು ಮಕ್ಕಳಿಂದಲೇ ಪಟ್ಟಿ ಮಾಡಿಸಿ. ಹಿರಿಯ ಆಟಗಾರರನ್ನು ಮೊದಲು ಕೇಳಿ, ಹೊಸಬರು ಮುಂದಿನ ವರ್ಷವೂ ಸಿಗುತ್ತಾರೆ. ಪುಸ್ತಕದ ಜೊತೆ ಎರಡು ಪೆನ್ನು ಇರಲಿ. ಒಂದು ಖಂಡಿತ ಕೈಕೊಡುತ್ತದೆ.